ಸ್ನಾನದ ಮನೆಯಲ್ಲಿ ಸತ್ತದ್ದು ಇಲಿಯಲ್ಲವಂತೆ. ನಾನಿಟ್ಟ ವಿಷದಿಂದಲೇ ಸತ್ತಿತಾ?

ಕಾಡಂಚಿನ ಮನೆ (ಆಗಸ್ಟ್ 17)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ, ದಯವಿಟ್ಟು ಪೂರ್ತಿ ಓದಿ. ಎರಡು ರಾತ್ರಿಯಿಂದ ಸರಿಯಾಗಿ ನಿದ್ದೆ ಬಂದಿಲ್ಲ.

ಫೆಬ್ರವರಿಯಲ್ಲಿ ನಾವು ಮೆಲ್ಬರ್ನ್ ಬಿಟ್ಟು ಡ್ಯಾಂಡಿನಾಂಗ್ ಬೆಟ್ಟಗಳ ಕಡೆಗೆ ಬಂದೆವು. ಬೆಲ್‌ಗ್ರೇವ್ ದಾಟಿದ ಮೇಲೆ ಸಿಗುವ ಹಳೆಯ ಮರದ ಮನೆ. ಹಿತ್ತಲ ಬೇಲಿ ಮುಗಿಯುವಲ್ಲೇ ಕಾಡು ಶುರು. ತಲೆ ಎತ್ತಿದರೆ ಮೌಂಟನ್ ಆಶ್ ಮರಗಳು, ಕೆಳಗೆಲ್ಲ ಜರೀಗಿಡಗಳು.

ಇಲ್ಲಿ ಚಳಿಗಾಲ ಶುರುವಾಗುವ ಜೂನ್‌ನಿಂದ ರಾತ್ರಿ ಹೊತ್ತು ಗೋಡೆಯೊಳಗೆ ಪರಪರ ಸದ್ದು. ಬೆಳಿಗ್ಗೆ ಅಡುಗೆ ಕಟ್ಟೆಯ ಮೇಲೆ ಹಿಕ್ಕೆ. ಇಲಿ ಅಂದುಕೊಂಡೆವು. ಕಳೆದ ಗುರುವಾರ ಸಂಜೆ 6 ಗಂಟೆಗೆ ಇಲಿ ಹಿಡಿಯುವವರು ಬಂದರು. ಐದು ನಿಮಿಷ ನೋಡಿ, "ಚಳಿಗೆ ಒಳಗೆ ಬಂದಿವೆ" ಅಂತ ಹೇಳಿ 4 ವಿಷದ ಡಬ್ಬಿ ಇಟ್ಟು ಹೋದರು.

ಮರುದಿನ ಬೆಳಿಗ್ಗೆ 10 ಗಂಟೆಗೆ ಮಗಳು ಕೂಗಿದಳು. ಸ್ನಾನದ ಮನೆಯ ನೆಲದ ಮೇಲೆ ಒಂದು ಪುಟ್ಟ ಪ್ರಾಣಿ. ನಮ್ಮನ್ನು ನೋಡಿ ಓಡಲೇ ಇಲ್ಲ. ನಾಲ್ಕು ಹೆಜ್ಜೆ ಇಟ್ಟರೆ ಒಂದು ಕಡೆ ವಾಲುತ್ತಿತ್ತು. ಬೆನ್ನಿನ ಮೇಲೆ, ಸೊಂಟದ ಹತ್ತಿರ ಕೂದಲು ಉದುರಿ ಚರ್ಮ ಕಾಣುತ್ತಿತ್ತು. ಪಕ್ಕೆಯಲ್ಲಿ ಒಂದು ಹುಣ್ಣು. ಶೂ ಡಬ್ಬಿಯಲ್ಲಿ ಬಟ್ಟೆ ಹಾಸಿ ಮಲಗಿಸಿದೆವು. ಒಂದು ಗಂಟೆಯೊಳಗೆ ಸತ್ತುಹೋಯಿತು.

ಪಕ್ಕದ ಮನೆಯ ಅಜ್ಜಿ ಇಲ್ಲಿ 40 ವರ್ಷದಿಂದ ಇದ್ದಾರೆ. ಅವರು ಬಂದು ನೋಡಿ, "ಇದು ಇಲಿಯಲ್ಲಮ್ಮ, ಆಂಟೆಕೈನಸ್" ಅಂದರು. ಕಾಂಗರೂ ಬಳಗದ ಪ್ರಾಣಿ, ಹುಳ ಹುಪ್ಪಟೆ ತಿಂದು ಬದುಕುತ್ತದೆ ಅಂತಲೂ ಹೇಳಿದರು. ನಾನು ಆ ಹೆಸರನ್ನು ಆವತ್ತೇ ಮೊದಲು ಕೇಳಿದ್ದು.

ಇನ್ನೊಂದು ಬದುಕಿದೆ. ರಾತ್ರಿ ಒಂಬತ್ತೂವರೆ ಆಸುಪಾಸು ಅಡುಗೆಮನೆಗೆ ಬರುತ್ತದೆ. ನಿನ್ನೆ ಕಿಟಕಿಯ ಮೇಲೆ ಕೂತಿದ್ದ ಪತಂಗವನ್ನು ಹಾರಿ ಹಿಡಿದು, ಗೋಡೆಯ ಮೇಲಿಂದ ತಲೆ ಕೆಳಗಾಗಿ ಇಳಿದು ಹೋಯಿತು. ಅಷ್ಟು ಚುರುಕಾದ ಪ್ರಾಣಿಯನ್ನು ಮನೆಯೊಳಗೆ ನಾನು ನೋಡಿಲ್ಲ.

ಮೊದಲನೆಯದು ನಾನಿಟ್ಟ ವಿಷದಿಂದ ಸತ್ತಿತಾ? ನಿಜ ಹೇಳಿ, ಸಮಾಧಾನಕ್ಕೆ ಹೇಳಬೇಡಿ. ಎರಡನೆಯದನ್ನು ಏನು ಮಾಡಲಿ? ಡಬ್ಬಿಯಲ್ಲಿ ಹಿಡಿದು 5 ಕಿಲೋಮೀಟರ್ ಆಚೆ ಕಾಡಿನಲ್ಲಿ ಬಿಟ್ಟು ಬರೋಣ ಅಂತ ನಮ್ಮ ಯಜಮಾನರು ಹೇಳುತ್ತಿದ್ದಾರೆ. ಮಗಳಿಗೆ 7 ವರ್ಷ. "ಅದಕ್ಕೆ ಅಮ್ಮ ಇದ್ದಾಳಾ?" ಅಂತ ಆಗಿನಿಂದ ಕೇಳುತ್ತಿದ್ದಾಳೆ. ಏನು ಹೇಳಬೇಕೋ ಗೊತ್ತಾಗುತ್ತಿಲ್ಲ.

---

ಯಾರ್ರಾ ದಂಡೆ (ಆಗಸ್ಟ್ 17)

ಮೂತಿ ಚೂಪಾಗಿತ್ತಾ? ಹಾಗಿದ್ದರೆ ಸೊಂಡಿಲಿ (ಶ್ರೂ) ಇರಬಹುದಾ? ನಮ್ಮ ಮನೆಯ ಗರಾಜಿನಲ್ಲಿ ಆಗಾಗ ಸಿಗುವುದು ಮಾಮೂಲಿ ಸುಂಡಿಲಿ (ಮನೆಯ ಚಿಕ್ಕ ಇಲಿ), ಅದರ ಮೂತಿ ಅಷ್ಟು ಉದ್ದ ಇಲ್ಲ. ಫೋಟೋ ಇದ್ದರೆ ಕಿವಿ, ಹಲ್ಲು ನೋಡಿ ಹೇಳಿ. ವಿಷದ ಡಬ್ಬಿಯನ್ನಂತೂ ಈಗಲೇ ತೆಗೆದುಬಿಡಿ.

---

ರಾತ್ರಿಪಾಳಿ (ಆಗಸ್ಟ್ 17)

ಮೇಡಂ, ಮೊದಲು ಒಂದು ಕೆಲಸ ಮಾಡಿ. ಎದ್ದು ಆ ನಾಲ್ಕೂ ಡಬ್ಬಿಗಳನ್ನು ಕೈಗವಸು ಹಾಕಿಕೊಂಡು ತೆಗೆಯಿರಿ. ಕೆಳಗೆ ಪುಡಿ ಬಿದ್ದಿದ್ದರೆ ಒರೆಸಿ. ಇಟ್ಟವರಿಗೇ ಫೋನ್ ಮಾಡಿ ವಾಪಸ್ ತೆಗೆದುಕೊಂಡು ಹೋಗಲು ಹೇಳಿ. ಆಮೇಲೆ ಬಂದು ಉಳಿದದ್ದನ್ನು ಓದಿ.

ನಾನಿರುವುದು ಎಮರಾಲ್ಡ್ ಹತ್ತಿರ, ನಿಮ್ಮಿಂದ ದೂರವೇನಿಲ್ಲ. ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ನರ್ಸ್. ಪೆಟ್ಟಾದ ಕಾಡುಪ್ರಾಣಿಗಳನ್ನು ಮನೆಯಲ್ಲಿಟ್ಟು ನೋಡಿಕೊಳ್ಳುವ ಪರವಾನಗಿ ನನಗೆ 11 ವರ್ಷದಿಂದ ಇದೆ. ಆಂಟೆಕೈನಸ್ ಎಷ್ಟು ಬಂದಿವೆ ಅಂತ ಲೆಕ್ಕ ಇಟ್ಟಿಲ್ಲ. ಆದರೆ ಪ್ರತಿ ಆಗಸ್ಟ್‌ನಲ್ಲೂ ನಿಮ್ಮ ಥರದ ಫೋನ್ ಬರುತ್ತದೆ.

ವಿಷದ ಪ್ರಶ್ನೆಗೆ ನೇರ ಉತ್ತರ. ಇಲ್ಲ, ಅದು ನೀವಿಟ್ಟ ವಿಷದಿಂದ ಸತ್ತದ್ದಲ್ಲ. ಆ ಡಬ್ಬಿಗಳಲ್ಲಿ ಸಾಮಾನ್ಯವಾಗಿ ಇಡುವುದು ಬ್ರೋಡಿಫಾಕಮ್ ಅಥವಾ ಬ್ರೋಮಾಡಿಯೋಲೋನ್. ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವ ವಿಷ. ಲಿವರ್‌ನಲ್ಲಿ ವಿಟಮಿನ್ ಕೆ ಮತ್ತೆ ಕೆಲಸಕ್ಕೆ ಬರುವುದನ್ನು ಅದು ತಡೆಯುತ್ತದೆ. ಆದರೆ ಆಗಲೇ ರಕ್ತದಲ್ಲಿರುವ ಹೆಪ್ಪುಗಟ್ಟಿಸುವ ಅಂಶ ಮುಗಿಯುವ ತನಕ ಪ್ರಾಣಿ ಓಡಾಡಿಕೊಂಡೇ ಇರುತ್ತದೆ. ಸಾಯಲು ಕೆಲವು ದಿನ ಬೇಕು. ನೀವು ಹೇಳಿದ್ದು ಗುರುವಾರ ಸಂಜೆ 6ರಿಂದ ಶುಕ್ರವಾರ ಬೆಳಿಗ್ಗೆ 10. ಬರೀ 16 ಗಂಟೆ. ಅದೂ ಅಲ್ಲದೆ ಈ ವಿಷ ಒಂದೇ ರಾತ್ರಿಯಲ್ಲಿ ಬೆನ್ನಿನ ಕೂದಲು ಉದುರಿಸುವುದಿಲ್ಲ, ಪಕ್ಕೆಯಲ್ಲಿ ಹುಣ್ಣು ಮಾಡುವುದಿಲ್ಲ. ಆ ಹುಣ್ಣಿಗೆ ಎಷ್ಟೋ ದಿನ ಆಗಿರಬೇಕು.

ಹಾಗಂತ ವಿಷ ಇದ್ದರೆ ಪರವಾಗಿಲ್ಲ ಅಂತಲ್ಲ. ಕಾಳಿನ ಉಂಡೆ ಇದರ ಊಟವಲ್ಲ, ನಿಜ. ಆದರೆ ಆ ಉಂಡೆ ತಿಂದ ಜಿರಳೆ ಇದರ ಊಟ. ಸುಂಡಿಲಿ ತಿಂದರೆ ಅದನ್ನು ಗೂಬೆ ತಿನ್ನುತ್ತದೆ. ವಿಕ್ಟೋರಿಯಾದಲ್ಲಿ ಸತ್ತು ಸಿಕ್ಕಿದ ಪವರ್‌ಫುಲ್ ಔಲ್ ಗೂಬೆಗಳ ಲಿವರ್‌ನಲ್ಲಿ ಈ ವಿಷ ಸಿಕ್ಕಿದೆ. ನಿಮ್ಮ ಮನೆ ಹಿಂದಿನ ಕಾಡಿನಲ್ಲಿ ಆ ಗೂಬೆಗಳಿವೆ. ರಾತ್ರಿ ಕಿವಿಗೊಟ್ಟು ಕೇಳಿ, ನಿಧಾನಕ್ಕೆ ಎರಡು ಸಲ ಹೂಂಕರಿಸುತ್ತದೆ.

ಸರಿ, ಹಾಗಾದರೆ ಅದು ಸತ್ತದ್ದು ಯಾಕೆ? ನೀವು ಬರೆದದ್ದನ್ನು ಓದಿದರೆ ಅದು ಗಂಡು. ಇದು ಆಗಸ್ಟ್. ಇಷ್ಟೇ ಕಾರಣ.

ಕಾಡಿನಲ್ಲಿ ಆಂಟೆಕೈನಸ್ ಗಂಡುಗಳಿಗೆ ಒಂದು ವರ್ಷ ತುಂಬುವುದಿಲ್ಲ. ಒಂದೆರಡಕ್ಕಲ್ಲ, ಯಾವುದಕ್ಕೂ ತುಂಬುವುದಿಲ್ಲ. ಚಳಿಗಾಲದಲ್ಲಿ ಒಂದರಿಂದ ಮೂರು ವಾರ ಕೂಡುವ ಕಾಲ ಬರುತ್ತದೆ. ಅದಕ್ಕಿಂತ ಮುಂಚೆಯೇ ಗಂಡಿನಲ್ಲಿ ಹೊಸ ವೀರ್ಯ ತಯಾರಾಗುವುದು ನಿಂತಿರುತ್ತದೆ. ಕೂಡಿಟ್ಟದ್ದರಲ್ಲೇ ಮುಗಿಸಬೇಕು. ಒಂದೊಂದು ಸಲ ಕೂಡಿದರೆ ಹನ್ನೆರಡು ಗಂಟೆಯವರೆಗೂ ಬಿಡುವುದಿಲ್ಲ. ಬಿಟ್ಟ ಮೇಲೆ ಮತ್ತೊಂದು ಹೆಣ್ಣನ್ನು ಹುಡುಕುತ್ತ ಹೋಗುತ್ತದೆ. ಹಗಲೂ ಇಲ್ಲ ರಾತ್ರಿಯೂ ಇಲ್ಲ. 2024ರಲ್ಲಿ ಮೆಲ್ಬರ್ನ್‌ನ ಲಾ ಟ್ರೋಬ್ ವಿಶ್ವವಿದ್ಯಾಲಯದವರು ಡಸ್ಕಿ ಆಂಟೆಕೈನಸ್ ಅನ್ನುವ ಜಾತಿಯ ಗಂಡುಗಳ ನಿದ್ದೆ ಅಳೆದು ಪ್ರಕಟಿಸಿದರು. ಆ ಕಾಲದಲ್ಲಿ ಅವು ದಿನಕ್ಕೆ ಸುಮಾರು 3 ಗಂಟೆ ನಿದ್ದೆ ಕಡಿಮೆ ಮಾಡುತ್ತವೆ, ಅದೂ 3 ವಾರ ಬಿಡದೆ. ಹದಿನೈದು ವರ್ಷ ರಾತ್ರಿ ಪಾಳಿ ಮಾಡಿದವಳಿಗೆ ಅದು ಎಷ್ಟು ಕಷ್ಟ ಅಂತ ಗೊತ್ತು.

ಆದರೆ ಸಾವಿಗೆ ಮುಖ್ಯ ಕಾರಣ ನಿದ್ದೆ ಅಲ್ಲ, ಕಾರ್ಟಿಸೋಲ್. ನಮಗೆ ಒತ್ತಡ ಬಂದಾಗ ಏರುವ ಹಾರ್ಮೋನ್ ಅದೇ. ನಮ್ಮಲ್ಲಿ ಏರುತ್ತದೆ, ಸಾಕಾದಾಗ ಇಳಿಯುತ್ತದೆ. ಇವುಗಳಲ್ಲಿ ಆ ಹೊತ್ತಿಗೆ ಇಳಿಸುವ ವ್ಯವಸ್ಥೆಯೇ ಕೆಲಸ ಮಾಡುವುದಿಲ್ಲ. ಏರಿದ್ದು ಏರಿದಂತೆಯೇ ಇರುತ್ತದೆ. ಮೈಯಲ್ಲಿದ್ದ ಮಾಂಸ, ಕೊಬ್ಬು ಕರಗಿ ಓಡಾಟಕ್ಕೆ ಶಕ್ತಿಯಾಗುತ್ತದೆ. ಅದರ ಜೊತೆಗೇ ರೋಗ ತಡೆಯುವ ಶಕ್ತಿಯೂ ಹೋಗುತ್ತದೆ. ಹೊಟ್ಟೆಯೊಳಗೆ ಹುಣ್ಣಾಗಿ ರಕ್ತ ಒಸರುತ್ತದೆ. ಕೂದಲು ಉದುರುತ್ತದೆ. ಗಾಯ ಮಾಯುವುದಿಲ್ಲ. ಹುಳ, ಸೋಂಕು ಎಲ್ಲ ಒಟ್ಟಿಗೆ ಮೇಲೆ ಬೀಳುತ್ತವೆ. ಕೊನೆಗೆ ನೀವು ನೋಡಿದ ಹಾಗೆ ಹಗಲಿನಲ್ಲೇ ತೂರಾಡುತ್ತ ಹೊರಗೆ ಬರುತ್ತವೆ.

ಮೊದಲ ವರ್ಷ ಇಂಥ ಒಂದು ಗಂಡನ್ನು ಉಳಿಸಲು ನಾನು ಮೂರು ದಿನ ಪಟ್ಟು ಹಿಡಿದು ಕೂತಿದ್ದೆ. ಬೆಚ್ಚಗಿಟ್ಟೆ, ನೀರು ಕುಡಿಸಿದೆ, ಡಾಕ್ಟರ್ ಹತ್ತಿರ ಓಡಿದೆ. ಅವರು ನಿಧಾನಕ್ಕೆ ಕೂರಿಸಿ ವಿವರಿಸಿದರು. ಕೂಡುವ ಕಾಲಕ್ಕೆ ಮುಂಚೆಯೇ ಹಿಡಿದು ಬೇರೆಯಾಗಿ ಇಟ್ಟ ಗಂಡುಗಳು ಬದುಕಿ ಉಳಿದದ್ದಿದೆ. ಆದರೆ ಒಮ್ಮೆ ಇದು ಶುರುವಾದ ಮೇಲೆ ವಾಪಸ್ ತರುವ ದಾರಿ ಇಲ್ಲ. ನೀವು ಬೆಚ್ಚಗೆ, ಕತ್ತಲಲ್ಲಿ, ಸದ್ದಿಲ್ಲದ ಕಡೆ ಮಲಗಿಸಿದ್ದೀರಿ. ನಾನೂ ಈಗ ಅಷ್ಟೇ ಮಾಡುವುದು.

ಇನ್ನು ಗುರುತಿನ ವಿಷಯ. ಯಾರ್ರಾ ದಂಡೆ ಅವರೇ, ಸೊಂಡಿಲಿ ಅನ್ನಿಸುವುದು ಸಹಜ, ಮೂತಿ ಹಾಗೇ ಇದೆ. ಆದರೆ ಆಸ್ಟ್ರೇಲಿಯಾದ ಮುಖ್ಯ ಭೂಮಿಯಲ್ಲಿ ಸೊಂಡಿಲಿಗಳೇ ಇಲ್ಲ. ಆ ಕೆಲಸವನ್ನು ಇಲ್ಲಿ ಇವೇ ಮಾಡುತ್ತವೆ. ಮೇಡಂ, ಫೋಟೋದಲ್ಲಿ ಕಿವಿ ನೋಡಿ. ತೆಳ್ಳಗೆ, ಅಂಚಿನಲ್ಲಿ ಕಚ್ಚು ಬಿದ್ದ ಹಾಗೆ ಸುಕ್ಕಾಗಿರಬೇಕು. ಬಾಯಿ ತೆರೆದಿದ್ದರೆ ಇನ್ನೂ ಸುಲಭ. ಇಲಿಗೆ ಮುಂದೆ ಉಳಿಯಂಥ ಎರಡು ಹಲ್ಲು ಮೇಲೆ, ಎರಡು ಕೆಳಗೆ. ಇದಕ್ಕೆ ಮುಂದೆ ಮೇಲ್ಗಡೆಯೇ 8 ಪುಟ್ಟ ಚೂಪು ಹಲ್ಲು. ಮರ ಕಡಿಯುವ ಹಲ್ಲಲ್ಲ, ಜೀರುಂಡೆಯ ಚಿಪ್ಪು ಒಡೆಯುವ ಹಲ್ಲು. ಹಾಗಾಗಿ ನಿಮ್ಮ ಮನೆಯ ಕರೆಂಟಿನ ವೈರನ್ನು ಇದು ಕಡಿಯುವುದಿಲ್ಲ. ಹಿಕ್ಕೆಯನ್ನು ಕಡ್ಡಿಯಿಂದ ಬಿಡಿಸಿ ನೋಡಿ. ಜಿರಳೆಯ ಕಾಲು, ರೆಕ್ಕೆಯ ಚೂರು ಮಿಣುಗುತ್ತವೆ. ವಾಸನೆಯೂ ಜಾಸ್ತಿ.

ಬದುಕಿರುವುದರ ಬಗ್ಗೆ ನಾಳೆ ಬರೆಯುತ್ತೇನೆ, ಪಾಳಿಗೆ ಹೊತ್ತಾಯಿತು. ಅಲ್ಲಿಯವರೆಗೆ ಹಿಡಿಯಬೇಡಿ, ಸಂದು ಮುಚ್ಚಬೇಡಿ.

---

ಕಾಡಂಚಿನ ಮನೆ (ಆಗಸ್ಟ್ 18)

ಡಬ್ಬಿ ನಾಲ್ಕೂ ತೆಗೆದೆ. ಮೂರನ್ನು ಯಾರೂ ಮುಟ್ಟಿರಲಿಲ್ಲ. ಒಂದರಲ್ಲಿ ಒಂದು ಮೂಲೆ ಕಡಿದಿತ್ತು. ಅದು ಗರಾಜಿನದು, ಮನೆಯೊಳಗಿನದಲ್ಲ.

ಸತ್ತದ್ದನ್ನು ಮಗಳ ಜೊತೆ ಹೋಗಿ ಜರೀಗಿಡದ ಬುಡದಲ್ಲಿ ಹೂಳಿದ್ದೇವೆ. ಫೋಟೋ ಇದೆ. ಕಿವಿಯ ಅಂಚು ನೀವು ಹೇಳಿದ ಹಾಗೇ ಸುಕ್ಕಾಗಿದೆ. ಹೊಟ್ಟೆಯ ಕಡೆಯ ಫೋಟೋ ನೋಡಿದರೆ ಗಂಡು ಅಂತ ನನಗೂ ಗೊತ್ತಾಗುತ್ತದೆ. ಹಿಕ್ಕೆ ಬಿಡಿಸಿ ನೋಡಿದೆ. ಒಳಗೆ ಕಂದು ಬಣ್ಣದ ಹೊಳೆಯುವ ಚೂರುಗಳೇ ಇದ್ದವು. ಜೂನ್‌ನಿಂದ ನಮ್ಮ ಮನೆಯಲ್ಲಿ ಜಿರಳೆ ಕಾಣಿಸಿಲ್ಲ ಅನ್ನುವುದು ಈಗ ನೆನಪಾಯಿತು.

ಒಂದೇ ಒಂದು ಭಯ. ಹೂಳುವಾಗ ಅದು ನಿಜವಾಗಿ ಸತ್ತಿತ್ತು ತಾನೇ?

---

ಒಣಹುಲ್ಲು (ಆಗಸ್ಟ್ 18)

ಅಕ್ಕಾ, ಒಂದು ಗಂಟೆ ಕಣ್ಣೆದುರೇ ಇಟ್ಟುಕೊಂಡು ನೋಡಿದ್ದೀರಿ, ಆ ಭಯ ಬೇಡ. ಆದರೆ ನೀವು ಕೇಳಿದ ಪ್ರಶ್ನೆ ಮಾತ್ರ ಬಹಳ ಒಳ್ಳೆಯದು. ಅದಕ್ಕೇ ನನ್ನದೊಂದು ಅನುಭವ ಹೇಳುತ್ತೇನೆ.

ನಾನು ನ್ಯೂ ಸೌತ್ ವೇಲ್ಸ್‌ನ ಕೂನಬರಬ್ರನ್‌ನಲ್ಲಿ ಮೂರು ವರ್ಷ ಕೆಲಸ ಮಾಡಿದೆ. ವಾರಂಬಂಗಲ್ ಬೆಟ್ಟಗಳ ಪಕ್ಕದ ಊರು. ಅಲ್ಲಿರುವುದು ಹಳದಿ ಕಾಲಿನ ಆಂಟೆಕೈನಸ್. ತಲೆ ಬೂದು, ಕಣ್ಣಿನ ಸುತ್ತ ಬಿಳಿ ಉಂಗುರ, ಪಕ್ಕೆ ಮತ್ತು ಕಾಲು ಕಿತ್ತಳೆ ಹಳದಿ. ನೋಡಲು ಬಲು ಚಂದ. ಅದು ಹಗಲಿನಲ್ಲೂ ಓಡಾಡುತ್ತದೆ.

ಒಂದು ಜುಲೈ ಬೆಳಿಗ್ಗೆ ಶೆಡ್ಡಿನಲ್ಲಿಟ್ಟ ಬೂಟಿನೊಳಗೆ ಒಂದು ಸಿಕ್ಕಿತು. ಮುದುರಿಕೊಂಡಿತ್ತು. ಮುಟ್ಟಿದರೆ ಮೈ ತಣ್ಣಗೆ ಕೊರೆಯುತ್ತಿತ್ತು. ಉಸಿರೇ ಕಾಣಲಿಲ್ಲ. ಸತ್ತಿದೆ ಅಂದುಕೊಂಡು ಬೂಟಿನ ಸಮೇತ ಬಿಸಿಲಿಗಿಟ್ಟು ಸಲಿಕೆ ತರಲು ಹೋದೆ. ವಾಪಸ್ ಬರುವಷ್ಟರಲ್ಲಿ ಬೂಟು ಖಾಲಿ! ಅದು ಬೇಲಿಯ ಮೇಲೆ ಕೂತು ಮೂತಿ ತಿಕ್ಕುತ್ತಿತ್ತು.

ಆಮೇಲೆ ತಿಳಿದದ್ದು, ಅದಕ್ಕೆ ಟಾರ್ಪರ್ ಅನ್ನುತ್ತಾರೆ. ಚಳಿ ಜಾಸ್ತಿಯಾಗಿ ಊಟ ಕಡಿಮೆಯಾದಾಗ ಅವು ಮೈ ಬಿಸಿಯನ್ನು ಬೇಕೆಂತಲೇ ಇಳಿಸಿಬಿಡುತ್ತವೆ. ಕೆಲವು ಗಂಟೆ ಹಾಗೇ ಇದ್ದು ಮತ್ತೆ ಬಿಸಿಯಾಗಿ ಏಳುತ್ತವೆ. ಬಿಸಿಲು ಸಿಕ್ಕರೆ ಏಳುವ ಖರ್ಚೂ ಉಳಿಯುತ್ತದೆ.

2013ರ ಜನವರಿಯಲ್ಲಿ ವಾರಂಬಂಗಲ್‌ಗೆ ದೊಡ್ಡ ಬೆಂಕಿ ಬಿತ್ತು. ಎಷ್ಟೋ ಮನೆ ಸುಟ್ಟವು. ನಾನು ಹೋದಾಗ ಊರಿನವರು ಅದನ್ನೇ ಹೇಳುತ್ತಿದ್ದರು. ಆ ಬೆಂಕಿಯ ನಂತರ ಆರ್ಮಿಡೇಲ್‌ನ ನ್ಯೂ ಇಂಗ್ಲೆಂಡ್ ವಿಶ್ವವಿದ್ಯಾಲಯದವರು ಅಲ್ಲಿಯ ಹಳದಿ ಕಾಲಿನ ಆಂಟೆಕೈನಸ್‌ಗಳನ್ನು ನೋಡಿದ್ದಾರೆ. ಸುಟ್ಟ ಜಾಗದಲ್ಲಿ ಬದುಕುಳಿದವು ಹೆಚ್ಚು ಹೊತ್ತು ಟಾರ್ಪರ್‌ನಲ್ಲಿ ಇರುತ್ತಿದ್ದವು, ಹಗಲಿನ ಓಡಾಟ ಕಡಿಮೆ ಮಾಡಿದ್ದವು. ಬಚ್ಚಿಟ್ಟುಕೊಳ್ಳಲು ಹುಲ್ಲಿಲ್ಲ, ಊಟವಿಲ್ಲ. ಮಲಗಿಯೇ ಬದುಕಿದವು. 30 ಗ್ರಾಂ ಪ್ರಾಣಿ!

ಹಾಗಾಗಿ ಚಳಿಯ ಬೆಳಿಗ್ಗೆ ತಣ್ಣಗೆ ಮುದುರಿದ್ದು ಸಿಕ್ಕರೆ ಯಾರೂ ತಕ್ಷಣ ಹೂಳಬೇಡಿ. ಮುಚ್ಚಳಕ್ಕೆ ತೂತು ಮಾಡಿದ ಡಬ್ಬಿಯಲ್ಲಿಟ್ಟು ಸ್ವಲ್ಪ ಹೊತ್ತು ಬೆಚ್ಚಗಿನ ಜಾಗದಲ್ಲಿಡಿ.

---

ರಾತ್ರಿಪಾಳಿ (ಆಗಸ್ಟ್ 18)

ಒಣಹುಲ್ಲು ಹೇಳಿದ್ದು ಸರಿ. ಒಂದು ಸೇರಿಸುತ್ತೇನೆ. ಟಾರ್ಪರ್‌ನಲ್ಲಿ ಇರುವುದು ಮುದ್ದೆಯ ಹಾಗೆ ಮುದುರಿರುತ್ತದೆ, ಕೂದಲು ಚೆನ್ನಾಗಿರುತ್ತದೆ. ನಿಮ್ಮದು ಕಾಲು ಚಾಚಿಕೊಂಡು ಹೋದದ್ದು. ಬೇರೆಯೇ ಥರ. ಗರಾಜಿನಲ್ಲಿ ಉಂಡೆ ಕಡಿದದ್ದು ಸುಂಡಿಲಿಯೇ ಇರಬೇಕು. ಅಲ್ಲಿಗೆ ಬಲೆ ಬೇಕಾದರೆ ಜೀವಂತ ಹಿಡಿಯುವ ಪೆಟ್ಟಿಗೆಯಿಡಿ. ಬೆಳಿಗ್ಗೆ ಹೊತ್ತೇರುವ ಮುಂಚೆ ನೋಡಿ, ಯಾವುದು ಬಿದ್ದಿದೆ ಅಂತ ಗುರುತಿಸಿ. ಸ್ಪ್ರಿಂಗ್ ಬಲೆ, ಅಂಟಿನ ಹಾಳೆ ಬೇಡವೇ ಬೇಡ. ಅವಕ್ಕೆ ಯಾರು ಬಂದರು ಅಂತ ಗೊತ್ತಾಗುವುದಿಲ್ಲ.

ಈಗ ನಿಮ್ಮ ಒಂಬತ್ತೂವರೆಯ ಅತಿಥಿ. ಅವಳು ಹೆಣ್ಣು ಅಂತ ನನ್ನ ಅಂದಾಜು. ಈ ಹೊತ್ತಿನಲ್ಲಿ ಅಷ್ಟು ಗಟ್ಟಿಮುಟ್ಟಾಗಿ ಹಾರಿ ಪತಂಗ ಹಿಡಿಯುವ ಗಂಡು ಇರುವುದು ಅಪರೂಪ. ನಮ್ಮ ಬೆಟ್ಟದಲ್ಲಿ ಮನೆಯೊಳಗೆ ಬರುವುದು ಹೆಚ್ಚಾಗಿ ಅಜೈಲ್ ಆಂಟೆಕೈನಸ್. ಹೆಣ್ಣು 20 ಗ್ರಾಂ ಆಸುಪಾಸು. ಹಿಂಗಾಲಿನ ಹೆಬ್ಬೆರಳಿಗೆ ಉಗುರಿಲ್ಲ, ಅಂಗಾಲಿನಲ್ಲಿ ಗೆರೆಗೆರೆ. ಅದಕ್ಕೇ ಗೋಡೆಯಲ್ಲಿ ತಲೆ ಕೆಳಗಾಗಿ ಇಳಿಯಲು ಆಗುವುದು. ಇದರ ಹತ್ತಿರದ ಸಂಬಂಧಿ ಕಂದು ಆಂಟೆಕೈನಸ್. ಎರಡನ್ನೂ ಬೇರೆ ಬೇರೆ ಜಾತಿ ಅಂತ ಗುರುತಿಸಿದ್ದು 1998ರಲ್ಲಿ, ಅಲ್ಲಿಯವರೆಗೆ ಒಂದೇ ಅಂದುಕೊಂಡಿದ್ದರು. ಕಂದು ಆಂಟೆಕೈನಸ್ ದಿನಕ್ಕೆ ತನ್ನ ತೂಕದ ಶೇಕಡಾ 60ರಷ್ಟು ಹುಳ ಹುಪ್ಪಟೆ ತಿನ್ನುತ್ತದೆ ಅಂತ ಲೆಕ್ಕ ಹಾಕಿದ್ದಾರೆ. ನಿಮ್ಮ ಜಿರಳೆಗಳು ಎಲ್ಲಿಗೆ ಹೋದವು ಅನ್ನುವುದಕ್ಕೆ ಉತ್ತರ ಇದೇ.

5 ಕಿಲೋಮೀಟರ್ ಆಚೆ ಬಿಡುವ ಮಾತನ್ನು ದಯವಿಟ್ಟು ಕೈಬಿಡಿ. ನಿಮ್ಮ ಯಜಮಾನರಿಗೆ ಹೇಳಿ, ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಾರೆ, ಆದರೆ ಅದು ಕೊಲ್ಲುವ ದಾರಿ. ಈ ಚಳಿಯಲ್ಲಿ ಗುರುತಿಲ್ಲದ ಕಾಡು, ಗೂಡಿಲ್ಲ, ಇರುವ ಪೊಟರೆಗಳಲ್ಲಿ ಬೇರೆಯವು ಸೇರಿರುತ್ತವೆ. ವಿಕ್ಟೋರಿಯಾದಲ್ಲಿ 1975ರ ವನ್ಯಜೀವಿ ಕಾಯಿದೆಯ ಕೆಳಗೆ ಇವು ರಕ್ಷಿತ ಪ್ರಾಣಿಗಳು. ನಾವೇ ಹಿಡಿದು ಸಾಗಿಸುವ ಹಾಗಿಲ್ಲ. ಮತ್ತೆ ಕಾಯಿಲೆಯದು ಸಿಕ್ಕರೆ ಕಾಡುಪ್ರಾಣಿಗಳನ್ನು ಕಾಪಾಡುವ ಸಂಸ್ಥೆಯಾದ ವೈಲ್ಡ್‌ಲೈಫ್ ವಿಕ್ಟೋರಿಯಾಕ್ಕೆ ಫೋನ್ ಮಾಡಿ, ರಾತ್ರಿಯೂ ಎತ್ತುತ್ತಾರೆ.

ಮುಖ್ಯವಾದದ್ದು ತಿಂಗಳ ಲೆಕ್ಕ. ಇದೊಂದು ಗೊತ್ತಿದ್ದರೆ ಉಳಿದದ್ದೆಲ್ಲ ಸುಲಭ. ಅವಳು ಆಗಲೇ ಕೂಡಿರುತ್ತಾಳೆ ಅಂದುಕೊಳ್ಳಿ. ಹೆಣ್ಣು ಹಲವು ಗಂಡುಗಳ ಜೊತೆ ಕೂಡುತ್ತಾಳೆ. ವೀರ್ಯವನ್ನು ಕೆಲವು ದಿನ ಒಳಗೇ ಇಟ್ಟುಕೊಳ್ಳುತ್ತಾಳೆ. ಒಂದೇ ಸೂಲಿನ ಮರಿಗಳಿಗೆ ಬೇರೆ ಬೇರೆ ಅಪ್ಪಂದಿರು. ನಾಲ್ಕು ವಾರದ ಬಸಿರು. ಸೆಪ್ಟೆಂಬರ್‌ನಲ್ಲಿ ಹುಟ್ಟುವ ಮರಿ ಅಕ್ಕಿ ಕಾಳಿಗಿಂತ ದೊಡ್ಡದಿರುವುದಿಲ್ಲ. ಕಾಂಗರೂವಿನಂಥ ಆಳದ ಚೀಲ ಇವಕ್ಕಿಲ್ಲ, ಹೊಟ್ಟೆಯ ಮೇಲೆ ಚರ್ಮದ ಒಂದು ಮಡಿಕೆ ಅಷ್ಟೇ. ಮರಿಗಳು ಮೊಲೆ ಕಚ್ಚಿಕೊಂಡು ಬೆಳೆಯುತ್ತವೆ. ಮೊಲೆಗಳು ಕೆಲವು ಕಡೆ 6, ಕೆಲವು ಕಡೆ 10. ಅದಕ್ಕಿಂತ ಹೆಚ್ಚು ಹುಟ್ಟಿದರೆ ಉಳಿದವು ಬದುಕುವುದಿಲ್ಲ.

ಐದು ವಾರ ಅವನ್ನು ಹೊಟ್ಟೆಯ ಕೆಳಗೆ ನೇತುಹಾಕಿಕೊಂಡೇ ಬೇಟೆಯಾಡುತ್ತಾಳೆ. ಅಕ್ಟೋಬರ್‌ನಲ್ಲಿ ಒಂದು ಸಲ ಒಬ್ಬ ತಾಯಿ ನನ್ನ ಹತ್ತಿರ ಬಂದಿದ್ದಳು, ಬೆಕ್ಕು ಹಿಡಿದಿದ್ದು. ಎಂಟು ಮರಿ. ನಡೆದರೆ ನೆಲಕ್ಕೆ ಉಜ್ಜುತ್ತಿದ್ದವು, ಗುಲಾಬಿ ಬಣ್ಣದ ಕಡಲೆಕಾಯಿ ಗೊಂಚಲಿನ ಹಾಗೆ. ಒಂದು ಕಾಲು ಊದಿತ್ತು, ಆದರೂ ರಾತ್ರಿಗೆ ಹನ್ನೆರಡು ಹುಳ ತಿಂದು ಮುಗಿಸುತ್ತಿದ್ದಳು. ಎರಡು ವಾರ ಆದ ಮೇಲೆ ಸಿಕ್ಕಿದ ಜಾಗದಲ್ಲೇ ಬಿಟ್ಟು ಬಂದೆ. ಅವಳು ಮರ ಹತ್ತುವುದನ್ನು ನೋಡಿ ಕಾರಿನಲ್ಲಿ ಕೂತು ಅತ್ತೆ.

ಆಮೇಲೆ ಮರಿಗಳನ್ನು ಗೂಡಿನಲ್ಲಿ ಬಿಟ್ಟು ಊಟಕ್ಕೆ ಹೋಗುತ್ತಾಳೆ. ಡಿಸೆಂಬರ್, ಜನವರಿಗೆ ಹಾಲು ಬಿಡುತ್ತವೆ. ಅಲ್ಲಿಯವರೆಗೆ ಮನೆಯ ಯಾವ ಸಂದನ್ನೂ ಮುಚ್ಚಬಾರದು. ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ ಮುಚ್ಚಿದರೆ ಗೋಡೆಯೊಳಗೆ ಮರಿಗಳು ಸಾಯುತ್ತವೆ. ಈಗಲೇ ಹಿತ್ತಲ ಮರಕ್ಕೆ ಒಂದು ಗೂಡುಪೆಟ್ಟಿಗೆ ಕಟ್ಟಿ. ದಪ್ಪ ಹಲಗೆ ಇರಲಿ, ತೂತು 3 ಸೆಂಟಿಮೀಟರ್ ಸಾಕು. ಅವಳೇ ಒಣ ಎಲೆ ತಂದು ತುಂಬಿಕೊಳ್ಳುತ್ತಾಳೆ. ಊಟ ಹಾಕಬೇಡಿ. ಬೆಕ್ಕಿದ್ದರೆ ಒಳಗೇ ಇರಲಿ. ಅಡುಗೆ ಕಟ್ಟೆಯನ್ನು ರಾತ್ರಿ ಒರೆಸಿ, ಬೆಳಿಗ್ಗೆ ಇನ್ನೊಮ್ಮೆ ಒರೆಸಿ. ಇಷ್ಟೇ ಅವಳು ಕೇಳುವ ಬಾಡಿಗೆ.

ಇನ್ನು ನಿಮ್ಮ ಮಗಳ ಪ್ರಶ್ನೆ. ಅವನಿಗೆ ಅಮ್ಮ ಇದ್ದಳು, ಈಗಲೂ ಇರಬಹುದು. ಕೆಲವು ಹೆಣ್ಣುಗಳು ಎರಡನೆಯ ವರ್ಷವೂ ಬದುಕಿ ಮರಿ ಹಾಕುತ್ತವೆ. ಅಪ್ಪ ಮಾತ್ರ ಇಲ್ಲ. ಅವನು ಹುಟ್ಟುವ ಮುಂಚೆಯೇ ತೀರಿಕೊಂಡಿದ್ದಾನೆ, ಇದರಲ್ಲಿ ಅನುಮಾನವೇ ಇಲ್ಲ. ಇನ್ನು ಸ್ವಲ್ಪ ದಿನಕ್ಕೆ ನಿಮ್ಮ ಹಿಂದಿನ ಕಾಡಿನಲ್ಲಿ ಈ ಜಾತಿಯ ಗಂಡು ಒಂದೂ ಇರುವುದಿಲ್ಲ. ಇರುವ ಗಂಡುಗಳೆಲ್ಲ ಅಮ್ಮಂದಿರ ಹೊಟ್ಟೆಯೊಳಗೆ ಇರುತ್ತವೆ. ನೀವು ಹೂಳಿದವನ ಮಕ್ಕಳು ಆ ಒಂಬತ್ತೂವರೆಯವಳ ಹೊಟ್ಟೆಯಲ್ಲೇ ಇರಬಹುದು. ಇದನ್ನು ಮಗಳಿಗೆ ಹೇಳಿ. ಮಕ್ಕಳಿಗೆ ಅರ್ಥವಾಗುತ್ತದೆ.

---

ಯಾರ್ರಾ ದಂಡೆ (ಆಗಸ್ಟ್ 19)

ಗಂಡುಗಳು ಹೀಗೆ ಒಟ್ಟಿಗೆ ಸಾಯುವುದು ಮರಿಗಳಿಗೆ ಊಟ ಉಳಿಯಲಿ ಅಂತಾನಾ? ಎಲ್ಲೋ ಹಾಗೆ ಓದಿದ ನೆನಪು.

---

ರಾತ್ರಿಪಾಳಿ (ಆಗಸ್ಟ್ 19)

ಹಿಂದೆ ಹಾಗೆ ಹೇಳುತ್ತಿದ್ದರು. 2013ರಲ್ಲಿ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಡಯಾನಾ ಫಿಶರ್ ಮತ್ತು ಜೊತೆಯವರು ಬೇರೆ ಕಾರಣ ತೋರಿಸಿದರು. ಮರಿಗಳು ಹಾಲು ಬಿಡುವ ಹೊತ್ತಿಗೆ ಹುಳಗಳು ಹೇರಳವಾಗಿರಬೇಕು. ಅದಕ್ಕೆ ಹೆಣ್ಣುಗಳೆಲ್ಲ ಒಂದೇ ಸಮಯಕ್ಕೆ ಬಸಿರಾಗುತ್ತವೆ, ಅದೂ ಹಲವು ಗಂಡುಗಳಿಂದ. ಗಂಡಿಗೆ ಸಿಗುವುದು ಅದೊಂದೇ ಅವಕಾಶ. ಹೆಚ್ಚು ಹೊತ್ತು ಕೂಡಿದವನದೇ ಹೆಚ್ಚು ಮಕ್ಕಳು. ಹಾಗಾಗಿ ಇದ್ದದ್ದನ್ನೆಲ್ಲ ಅದರಲ್ಲೇ ಸುರಿದುಬಿಡುತ್ತವೆ. ಯಾರಿಗೋ ಊಟ ಉಳಿಸಲು ಸಾಯುವುದಲ್ಲ.

---

ಕಾಡಂಚಿನ ಮನೆ (ಜನವರಿ 24)

ಎಲ್ಲರಿಗೂ ಒಂದು ಸುದ್ದಿ ಹೇಳಲೇಬೇಕು.

ಅವಳು ಗೂಡುಪೆಟ್ಟಿಗೆಗೆ ಹೋಗಲಿಲ್ಲ. ಬಟ್ಟೆ ಒಗೆಯುವ ಕೋಣೆಯ ಮೇಲಿನ ಕಪಾಟಿನಲ್ಲಿ ಹಳೆಯ ರಜಾಯಿ ಇತ್ತು. ಅದರ ಒಳಗಿನ ಹತ್ತಿ ಎಳೆದು, ನೀಲಗಿರಿ ಎಲೆ ತಂದು ತುಂಬಿ, ಅಲ್ಲೇ ಮನೆ ಮಾಡಿದಳು. ನಾವು ಆ ಕಪಾಟಿನ ಬಾಗಿಲನ್ನು ನಾಲ್ಕು ತಿಂಗಳು ಮುಟ್ಟಲಿಲ್ಲ. ಅಕ್ಟೋಬರ್ ಆರಂಭದಲ್ಲಿ ಒಂದು ರಾತ್ರಿ ಅಡುಗೆ ಕಟ್ಟೆಯ ಮೇಲೆ ಅವಳನ್ನು ನೋಡಿದೆ. ಹೊಟ್ಟೆಯ ಕೆಳಗೆ ಗೊಂಚಲು. ನಮ್ಮ ಯಜಮಾನರನ್ನು ಎಬ್ಬಿಸಿ ತೋರಿಸಿದೆ. ಆವತ್ತಿನಿಂದ ಅವರೇ ರಾತ್ರಿ ಕಟ್ಟೆ ಒರೆಸಿ ಲೈಟ್ ಆರಿಸುತ್ತಿದ್ದರು.

ಡಿಸೆಂಬರ್ ಕೊನೆಯಲ್ಲಿ ಮರಿಗಳು ಒಂದರ ಹಿಂದೆ ಒಂದು ಹೊರಗೆ ಬಂದವು. ಒಟ್ಟಿಗೆ ನೋಡಿದ್ದು 5. ಮಗಳು 7 ಅನ್ನುತ್ತಾಳೆ. ಗೋಡೆ ಗಡಿಯಾರದ ಮೇಲೆ ಹತ್ತಿ ಕೆಳಗೆ ಜಾರುವುದು ಒಂದಕ್ಕೆ ಅಭ್ಯಾಸವಾಗಿತ್ತು. ಈ ತಿಂಗಳು ಒಂದೊಂದೇ ಕಡಿಮೆಯಾದವು. ಗಂಡುಮರಿಗಳು ತಾಯಿಯ ಜಾಗ ಬಿಟ್ಟು ಹೋಗುತ್ತವೆ, ಹೆಣ್ಣುಮರಿಗಳು ಹತ್ತಿರದಲ್ಲೇ ಉಳಿಯುತ್ತವೆ ಅಂತ ರಾತ್ರಿಪಾಳಿ ಅವರು ಫೋನಿನಲ್ಲಿ ಹೇಳಿದರು. ತಾಯಿಯನ್ನು ಕೊನೆಯ ಸಲ ನೋಡಿದ್ದು ಜನವರಿ 6ರಂದು.

ಕಳೆದ ಭಾನುವಾರ ರಾತ್ರಿಪಾಳಿ ಅವರು ಮನೆಗೆ ಬಂದು ಎಲ್ಲ ಸಂದುಗಳನ್ನು ನೋಡಿದರು. ಹತ್ತು ರಾತ್ರಿಯಿಂದ ಒಳಗೆ ಸದ್ದಿಲ್ಲ, ಹೊಸ ಹಿಕ್ಕೆಯೂ ಇಲ್ಲ ಅಂತ ಖಾತ್ರಿಯಾದ ಮೇಲೆ ಸಣ್ಣ ಕಣ್ಣಿನ ಉಕ್ಕಿನ ಜಾಲರಿ ಹಾಕಿ ಮುಚ್ಚಿದೆವು. ರಜಾಯಿಯನ್ನು ಗೂಡಿನ ಸಮೇತ ಹೊರಗಿನ ಸೌದೆ ಕೊಟ್ಟಿಗೆಯ ಅಟ್ಟದಲ್ಲಿಟ್ಟಿದ್ದೇವೆ.

ನಿನ್ನೆ ಸಂಜೆ ಕತ್ತಲಾಗುವಾಗ ಮಗಳು ಟಾರ್ಚ್ ಹಿಡಿದು ಹೋಗಿ ನೋಡಿ ಬಂದಳು. ಹಿತ್ತಲ ಗೂಡುಪೆಟ್ಟಿಗೆಯ ತೂತಿನಿಂದ ಒಂದು ಒಣ ಎಲೆ ಹೊರಗೆ ಚಾಚಿಕೊಂಡಿದೆಯಂತೆ. ನಾವ್ಯಾರೂ ಇಟ್ಟದ್ದಲ್ಲ.